ಕುದಿಯಮ್ಮ ಕುದಿಸದೆ ಬಿಟ್ಟ ಕೊರಡು

ಹಲ್ಲಿನ ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ಕುದಿಯಮ್ಮ ಎಂದೇ. ಬೆನ್ನ ಹಿಂದೆ ಅಲ್ಲ, ಎದುರಿಗೇ. ಡಾಕ್ಟರುಗಳು ರೋಗಿಗಳ ಬಾಯಿಗೆ ಹಾಕಿ ತೆಗೆದ ಕನ್ನಡಿ, ಕೊಕ್ಕೆ, ಇಕ್ಕಳಗಳು ಟ್ರೇ ತುಂಬ ಬಂದು ಬಿದ್ದರೆ ಅವನ್ನು ತೊಳೆದು, ಸಂದುಗೊಂದು ಬಿಡದೆ ಬ್ರಶ್ಶಿನಿಂದ ಉಜ್ಜಿ, ಕಾಗದದ ಚೀಲಗಳಲ್ಲಿ ಮುಚ್ಚಿ, ಹಬೆಯ ಯಂತ್ರಕ್ಕೆ ತುಂಬಿ ಬಾಗಿಲು ಬಿಗಿಯುವುದು ಆಕೆಯ ಉದ್ಯೋಗ. ಮದುವೆಯಾದ ಮರುವರ್ಷ ಆ ಕೋಣೆಗೆ ಕಾಲಿಟ್ಟವಳು ತಲೆ ಅರ್ಧ ನರೆಯುವವರೆಗೂ ಅಲ್ಲೇ ಇದ್ದಳು. ಕಿಟಕಿಯಿಲ್ಲದ ಕೋಣೆ, ಬಿಳಿ ಟೈಲ್ಸಿನ ಗೋಡೆ, ಯಂತ್ರ ಉಸಿರು ಬಿಟ್ಟಾಗಲೆಲ್ಲ ಕನ್ನಡಕದ ಮೇಲೆ ಮಂಜು. ಆ ಆಸ್ಪತ್ರೆಯಲ್ಲಿ ಯಾರಿಗೂ ಯಾರ ಬಾಯಿಯ ರೋಗವೂ ಅಂಟಿಲ್ಲವೆಂದರೆ ಅದಕ್ಕೆ ಕಾರಣ ಈ ಹೆಂಗಸು ಎಂದು ಡಾಕ್ಟರುಗಳೇ ಒಪ್ಪಿಕೊಳ್ಳುತ್ತಿದ್ದರು.

ಮನೆಯಲ್ಲೂ ಅದೇ ಚಾಳಿ. ಚಮಚ ಕುದಿಸುತ್ತಿದ್ದಳು, ಬಾಚಣಿಗೆ ಕುದಿಸುತ್ತಿದ್ದಳು, ಮೊಮ್ಮಗಳು ಬಂದು ಹೋದರೆ ಅವಳ ಆಟದ ಸಾಮಾನನ್ನೂ ಕುದಿಸುತ್ತಿದ್ದಳು. ಒಮ್ಮೆ ಗಂಡನ ಕಟ್ಟಿಸಿದ ಹಲ್ಲಿನ ಸೆಟ್ಟನ್ನೇ ಪಾತ್ರೆಗೆ ಹಾಕಿ ಒಲೆ ಹಚ್ಚಿಬಿಟ್ಟಳು. ಅದು ಸೊಟ್ಟಗಾಗಿ ಮೇಲಿನ ದವಡೆ ಕೆಳಗಿನದರ ಮುಖ ನೋಡದಂತಾಯಿತು. ಪುಸ್ತಕಕ್ಕೆ ರಟ್ಟು ಕಟ್ಟಿ ಬದುಕುವ ಆ ಬಡಪಾಯಿ ಹೊಸ ಸೆಟ್ಟು ಬರುವವರೆಗೆ ಮೆತ್ತಗಿದ್ದುದನ್ನೇ ನುಂಗಿಕೊಂಡಿದ್ದ. "ನನ್ನನ್ನೂ ಹಿಡಿದು ಒಂದು ಸಲ ಕುದಿಸಿಬಿಡು ತಾಯಿ, ನಿನಗೂ ನೆಮ್ಮದಿ, ನನಗೂ ನೆಮ್ಮದಿ" ಎಂದು ಬೊಚ್ಚುಬಾಯಲ್ಲಿ ಗೊಣಗುತ್ತಿದ್ದ.

ಇಂಥವಳಿಗೆ ಒಬ್ಬ ವಾರಗಿತ್ತಿ. ಗಂಡನ ತಮ್ಮನ ಹೆಂಡತಿ. ಅದೇ ಮನೆಯ ಕೆಳಗಿನ ಅಂತಸ್ತಿನಲ್ಲಿ ಅವಳ ಸಂಸಾರ. ವಾರಗಿತ್ತಿಯರೆಂದ ಮೇಲೆ ಜಡೆ ಹಿಡಿದು ಕಿತ್ತಾಡಬೇಕು, ನಾವು ಕಿಟಕಿಯಲ್ಲಿ ನಿಂತು ನೋಡಬೇಕು ಎಂಬುದು ಬೀದಿಯವರ ಆಸೆ. ಪಾಪ, ಅವರಿಗೆ ಆ ಭಾಗ್ಯ ಸಿಗಲಿಲ್ಲ. ಮೈದುನನ ಕೆಲಸ ಹೋದಾಗ ಕುದಿಯಮ್ಮನೇ ದೊಡ್ಡ ಡಾಕ್ಟರಮ್ಮನ ಎದುರು ನಿಂತು, "ಇವಳು ನನ್ನ ತಂಗಿ ಇದ್ದ ಹಾಗೆ, ನಾನೇ ಕಲಿಸ್ತೀನಿ, ತಪ್ಪಾದ್ರೆ ನನ್ನನ್ನ ಕೇಳಿ" ಎಂದು ಹೇಳಿ ವಾರಗಿತ್ತಿಯನ್ನು ತನ್ನ ಕೋಣೆಗೆ ಸೇರಿಸಿಕೊಂಡಳು. ಯಾವ ಇಕ್ಕಳದ ಯಾವ ಕೀಲಿನಲ್ಲಿ ರಕ್ತ ಒಣಗಿ ಕೂರುತ್ತದೆ, ಚೀಲ ಒದ್ದೆಯಾಗಿ ಹೊರಬಂದರೆ ಏನರ್ಥ, ಯಂತ್ರ ಯಾವಾಗ ಮುನಿಸಿಕೊಳ್ಳುತ್ತದೆ, ಎಲ್ಲವನ್ನೂ ಕೈ ಹಿಡಿದು ಹೇಳಿಕೊಟ್ಟಳು. ಬೆಳಿಗ್ಗೆ ಒಂದೇ ಬಸ್ಸು, ಸಂಜೆ ಒಂದೇ ಬಸ್ಸು, ಕೂತರೆ ಒಂದೇ ಸೀಟು. ಊಟದ ಡಬ್ಬಿ ತೆಗೆದರೆ ಇವಳದರಲ್ಲಿ ಅವಳ ಕೈ, ಅವಳದರಲ್ಲಿ ಇವಳ ಕೈ.

ಆ ವರ್ಷ ಆಸ್ಪತ್ರೆಗೆ ಇನ್ನೊಂದು ಮಹಡಿ ಎದ್ದಿತು. ಅಲ್ಲಿ ದೊಡ್ಡದೊಂದು ಶುದ್ಧೀಕರಣ ಕೋಣೆ, ಹೊಸ ಹಬೆಯ ಯಂತ್ರ, ಮತ್ತು ನಂಬಿದರೆ ನಂಬಿ, ಒಂದು ಕಿಟಕಿ. ಅದಕ್ಕೊಬ್ಬ ಮೇಲ್ವಿಚಾರಕಿ ಬೇಕು, ಒಳಗಿನವರನ್ನೇ ಮಾಡುತ್ತೇವೆ ಎಂದು ಡಾಕ್ಟರಮ್ಮ ಹೇಳಿದ್ದರು. ಯಾರೆಂದು ಕೇಳುವವರೇ ಇರಲಿಲ್ಲ. ಕಾಂಪೌಂಡರು ಆಗಲೇ "ಮೇಡಂ, ನಮಸ್ಕಾರ" ಎಂದು ರೇಗಿಸತೊಡಗಿದ್ದ. "ಅಯ್ಯೋ ಸುಮ್ನಿರಪ್ಪ" ಎಂದು ಕುದಿಯಮ್ಮ ಗದರಿದರೂ, ಬಣ್ಣದ ವಾಸನೆ ಇನ್ನೂ ಆರದ ಆ ಕೋಣೆಗೆ ಒಬ್ಬಳೇ ಹೋಗಿ, ಕಿಟಕಿಯ ಪಕ್ಕ ತನ್ನ ಕುರ್ಚಿ ಎಲ್ಲಿ ಬಂದರೆ ಚೆನ್ನ ಎಂದು ನಿಂತು ನೋಡಿ ಬಂದಿದ್ದಳು. ಗಂಡ, ಮಕ್ಕಳು, ಮೈದುನನ ಮನೆ ಎಂದು ಎಲ್ಲರಿಗೂ ಹಂಚಿ ಮಿಕ್ಕಿದ ಬದುಕಿನಲ್ಲಿ ಆಕೆ ತನಗೆಂದು ಬಯಸಿದ್ದು ಆ ಕುರ್ಚಿಯೊಂದನ್ನೇ.

ನ್ಯೂಟುಗಳು ಬಂದದ್ದು ಇದರ ನಡುವೆ. ವಾರಗಿತ್ತಿ ರಜೆಯಲ್ಲಿದ್ದ ಒಂದು ಸಂಜೆ ಬಸ್ಸು ತಡವಾಗಿ, ನಿಲ್ದಾಣದ ಹಿಂದಿನ ಸಾಕುಪ್ರಾಣಿಗಳ ಅಂಗಡಿಯೊಳಗೆ ಆಕೆ ಸುಮ್ಮನೆ ಕಾಲಾಡಿಸಲು ಹೋದಳು. ಒಂದು ಗಾಜಿನ ತೊಟ್ಟಿಯಲ್ಲಿ ಹಲ್ಲಿಯಂಥ ಎರಡು ಪ್ರಾಣಿಗಳು, ಬೆನ್ನು ಕಪ್ಪು, ಹೊಟ್ಟೆ ಕೆಂಡದ ಬಣ್ಣ. ಅವುಗಳಲ್ಲಿ ಒಂದು ನೀರಿನಲ್ಲಿ ನಿಧಾನವಾಗಿ ತೇಲಿಬಂದು ಗಾಜಿಗೆ ಅಂಗೈ ಒತ್ತಿ ಆಕೆಯನ್ನೇ ನೋಡಿತು. ಅದಕ್ಕೆ ಬೆರಳುಗಳಿದ್ದವು, ಹಸುಗೂಸಿನ ಬೆರಳಿನ ಹಾಗೆ. ಜೀವಮಾನವೆಲ್ಲ ಉಕ್ಕಿನ ಸಾಮಾನು ಹಿಡಿದವಳಿಗೆ ಏನಾಯಿತೋ, ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ. "ಇವು ನ್ಯೂಟು ಅಂತ ಅಮ್ಮ, ತಣ್ಣಗಿರೋ ನೀರು, ಹುಳ, ಇಷ್ಟಿದ್ರೆ ಸಾಕು, ವರ್ಷಗಟ್ಟಲೆ ಬಾಳ್ತಾವೆ" ಎಂದ ಅಂಗಡಿಯವನು.

ಆಸ್ಪತ್ರೆಯಲ್ಲಿ ಮಕ್ಕಳು ಕಾಯುವ ಕೋಣೆಯಲ್ಲಿ ಹಿಂದೆಂದೋ ಮೀನು ಸತ್ತು ಖಾಲಿಬಿದ್ದ ಗಾಜಿನ ತೊಟ್ಟಿಯೊಂದಿತ್ತು; ಹಳೆಯ ಪತ್ರಿಕೆಗಳನ್ನು ತುಂಬಿಟ್ಟಿದ್ದರು. ಕುದಿಯಮ್ಮ ಡಾಕ್ಟರಮ್ಮನ ಮುಂದೆ ಎಂದೂ ಏನನ್ನೂ ಕೇಳಿದವಳಲ್ಲ. ಆ ತೊಟ್ಟಿಯಲ್ಲಿ ನ್ಯೂಟು ಸಾಕಲೇ ಎಂದು ಕೇಳಿದಾಗ ಡಾಕ್ಟರಮ್ಮ ನಕ್ಕುಬಿಟ್ಟರು. "ನೀವು! ಪ್ರಾಣಿ ಸಾಕ್ತೀರಾ! ಆಯ್ತು, ನಿಮ್ಮ ಮೇಲಿನ ನಂಬಿಕೆಯಿಂದ ಬಿಡ್ತಿದ್ದೀನಿ. ಆದ್ರೆ ಇದು ಆಸ್ಪತ್ರೆ. ಅಲ್ಲಿ ಒಂಚೂರು ಕೊಳೆ ಕಂಡ್ರೂ ಹೋಗೋದು ನನ್ನ ಮಾನ, ನಿಮ್ಮ ಹೆಸರು."

ವಾರಗಿತ್ತಿಯರಿಬ್ಬರೂ ಸೇರಿಯೇ ತೊಟ್ಟಿ ಕಟ್ಟಿದರು. ನಲ್ಲಿಯ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಔಷಧಿಯ ಘಾಟು ಹೋಗುವವರೆಗೆ ಇಟ್ಟರು, ಜಲ್ಲಿ ಹಾಸಿದರು, ಪ್ರಾಣಿಗಳು ಗಾಜು ಹತ್ತಿ ಹೊರಬೀಳದಂತೆ ಮುಚ್ಚಳ ಬಿಗಿದರು. ನ್ಯೂಟುಗಳಿಗೆ ಅಡಗಲು ಒಂದು ಆಸರೆ ಬೇಕೆಂದು ಅಂಗಡಿಯವನು ತೋಳುದ್ದದ ಕೊರಡೊಂದನ್ನು ಕೊಟ್ಟಿದ್ದ. ಹೊಳೆಯಲ್ಲಿ ತೇಲಿಬಂದ ಮರ, ಸುಕ್ಕು ಸುಕ್ಕಾಗಿ ನೋಡಲು ಚೆಂದ. ಕುದಿಯಮ್ಮನ ಯಾವ ಪಾತ್ರೆಯಲ್ಲೂ ಅದು ಹಿಡಿಸಲಿಲ್ಲ. ಕೊನೆಗೆ ಬಿಸಿನೀರು ಸುರಿದು ತೃಪ್ತಿಪಟ್ಟುಕೊಂಡು ಅದನ್ನು ಒಳಗಿಳಿಸಿದಳು. ಮಕ್ಕಳು ಬಂದು ಗಾಜಿಗೆ ಮೂಗು ಹಚ್ಚಿದರು. ಡ್ರಿಲ್ಲಿನ ಸದ್ದು ಕೇಳಿದರೆ ಕಿರುಚುತ್ತಿದ್ದ ಹುಡುಗಿಯೊಬ್ಬಳು ನ್ಯೂಟಿಗೆ ಹಲ್ಲು ತೋರಿಸಿ ಬಂದು ಡಾಕ್ಟರಿಗೂ ತೋರಿಸಿದಳು. ಕುದಿಯಮ್ಮ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತ, ಕೈಯಲ್ಲಿದ್ದ ಟ್ರೇ ಮರೆತೇಬಿಟ್ಟಿದ್ದಳು.

ಒಂದು ವಾರವೂ ಕಳೆದಿರಲಿಲ್ಲ, ಕೊರಡಿನ ಮೇಲೆ ಬೂಷ್ಟು ಬಂತು. ಮೊದಲು ಮಂಜಿನ ಹಾಗೆ ತೆಳ್ಳಗೆ, ಆಮೇಲೆ ಹತ್ತಿ ಅಂಟಿಸಿದಂತೆ ಬೆಳ್ಳಗೆ, ಲೋಳೆಲೋಳೆಯಾಗಿ. ನೋಡಿದ ಕುದಿಯಮ್ಮನಿಗೆ ಮೈಯೆಲ್ಲ ಜುಮ್ಮೆಂದಿತು. "ಬಡಗಿ ಹತ್ರ ಇದನ್ನ ಎರಡು ತುಂಡು ಮಾಡಿಸ್ತೀನಿ. ದೊಡ್ಡ ಹಂಡೆಗೆ ಹಾಕಿ ಕುದಿಸ್ತೀನಿ. ಇದರ ವಂಶ ಉಳಿಯಬಾರದು, ಹಾಗೆ ಕುದಿಸ್ತೀನಿ" ಎಂದು ತೋಳು ಏರಿಸಿದಳು.

"ತಡೀರಿ ಅಕ್ಕ, ಅವಸರ ಬೇಡ," ಎಂದಳು ವಾರಗಿತ್ತಿ. "ಇವತ್ತು ಸಂಜೆ ನಾನು ಸಾಮಾನು ತಗೊಂಡು ಆಮೇಲಿನ ಬಸ್ಸಿಗೆ ಬರ್ತೀನಲ್ಲ, ಅಂಗಡಿಯವನನ್ನೇ ಕೇಳ್ಕೊಂಡು ಬರ್ತೀನಿ."

ಮರುದಿನ ಬಸ್ಸಿನಲ್ಲಿ ಉತ್ತರ ಸಿಕ್ಕಿತು. "ಹೊಸ ತೊಟ್ಟಿಗೆ ಹೊಸ ಮರ ಹಾಕಿದ್ರೆ ಹೀಗೇ ಬರುತ್ತಂತೆ ಅಕ್ಕ. ಮರದೊಳಗೆ ತಿನ್ನೋಕೆ ಏನಿದೆಯೋ ಅದು ಮುಗಿದ ಮೇಲೆ ತಾನಾಗೇ ಹೋಗುತ್ತಂತೆ. ಆದ್ರೆ ಮುಟ್ಟಬಾರದಂತೆ. ಕದಡಿದ್ರೆ ನೀರು ಕೆಡುತ್ತೆ, ಈ ಪ್ರಾಣಿಗಳು ಚರ್ಮದಿಂದಲೇ ಎಲ್ಲ ಹೀರ್ಕೊಳ್ತಾವೆ, ಸತ್ತೇ ಹೋಗ್ತಾವಂತೆ."

"ಹಾಗೇ ಬಿಡಬೇಕಾ? ಬೂಷ್ಟನ್ನ? ನಾನು?"

"ನೀವೇ," ಎಂದು ವಾರಗಿತ್ತಿ ನಕ್ಕು ಆಕೆಯ ಮೊಣಕೈ ತಿವಿದಳು. "ಒಂದು ಸಲ ಆದ್ರೂ ಕುದಿಸದೆ ಇದ್ದು ನೋಡಿ, ಏನಾಗಲ್ಲ."

ಕುದಿಯಮ್ಮನಿಗೆ ಅದೆಂಥ ಶಿಕ್ಷೆ ಎಂದು ಹೇಳಬೇಕೆ? ದಿನಾ ಬೆಳಿಗ್ಗೆ ಕೋಟು ಹಾಕಿಕೊಳ್ಳುವ ಮುಂಚೆ ತೊಟ್ಟಿಯ ಮುಂದೆ ಹಾಜರು. ಬೂಷ್ಟು ದಪ್ಪವಾಗುತ್ತ ಹೋಯಿತು. ಕೊರಡು ಬಿಟ್ಟ ಕಂದು ಬಣ್ಣದ ರಸದಿಂದ ನೀರು ಚಹಾದ ಬಣ್ಣಕ್ಕೆ ತಿರುಗಿತು. ನ್ಯೂಟುಗಳು ಮಾತ್ರ ಆ ಬಿಳಿ ಹಾಸಿಗೆಯ ಮೇಲೆ ಹೊಟ್ಟೆ ಚಾಚಿ, ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಮಲಗಿರುತ್ತಿದ್ದವು. ತಾಯಂದಿರು ಮೂಗು ಮುರಿದು ಮಕ್ಕಳನ್ನು ಹಿಂದಕ್ಕೆಳೆಯತೊಡಗಿದರು. ಒಂದು ಮಧ್ಯಾಹ್ನ ತಡೆಯಲಾರದೆ ಆಕೆ ಮುಚ್ಚಳ ತೆಗೆದು ಕೈ ಇಳಿಸಿಯೇಬಿಟ್ಟಿದ್ದಳು. ವಾರಗಿತ್ತಿ ಓಡಿಬಂದು ಮಣಿಕಟ್ಟು ಹಿಡಿದಳು. "ಬೇಡ ಅಕ್ಕ, ಸಾಯಿಸಬೇಡಿ. ಇಷ್ಟು ದಿನ ತಡ್ಕೊಂಡಿದ್ದೀರಿ, ಇನ್ನು ಸ್ವಲ್ಪ." ಅವಳ ಕಣ್ಣಲ್ಲಿ ಆ ಮೂಕ ಪ್ರಾಣಿಗಳ ಮೇಲೆ ಎಷ್ಟೊಂದು ಕನಿಕರವಿತ್ತೆಂದರೆ ಕುದಿಯಮ್ಮನಿಗೆ ತನ್ನ ಅವಸರಕ್ಕೆ ನಾಚಿಕೆಯಾಯಿತು. ಕೈ ಒರೆಸಿಕೊಂಡು ಮುಚ್ಚಳ ಹಾಕಿದಳು.

ಆ ವಾರದ ಕೊನೆಯಲ್ಲಿ ಡಾಕ್ಟರಮ್ಮ ಆಕೆಯನ್ನು ಒಳಗೆ ಕರೆದರು. ಕುರ್ಚಿಯ ವಿಷಯವೆಂದೇ ಕುದಿಯಮ್ಮ ಕನ್ನಡಕ ಒರೆಸಿಕೊಂಡು ಹೋದಳು. ಡಾಕ್ಟರಮ್ಮ ಮೊಬೈಲನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟರು. ಒಂದರ ಹಿಂದೆ ಒಂದು ಫೋಟೊ. ಬೂಷ್ಟು ಹತ್ತಿರದಿಂದ, ಬೂಷ್ಟು ಪಕ್ಕದಿಂದ, ಬೂಷ್ಟಿನ ಪಕ್ಕದಲ್ಲಿ ಗಾಜಿಗೆ ಬಾಯಿ ಹಚ್ಚಿದ ಮಗು.

"ಮೇಡಂ, ಅದರಿಂದ ಏನೂ ತೊಂದರೆ ಇಲ್ಲ. ತಾನಾಗೇ ಹೋಗುತ್ತೆ. ಮುಟ್ಟಿದ್ರೆ ಪ್ರಾಣಿಗಳಿಗೆ ಅಪಾಯ ಅಂತ ತಂಗಿ ಅಂಗಡೀಲಿ ವಿಚಾರಿಸಿಕೊಂಡು..."

"ನಿಮ್ಮ ತಂಗಿಯೇ ಈ ಫೋಟೊ ತೆಗೆದು ಕಳಿಸಿದ್ದು."

ಕುದಿಯಮ್ಮನಿಗೆ ಮಾತು ಕಿವಿಗೆ ಬಿತ್ತು, ತಲೆಗೆ ಹತ್ತಲಿಲ್ಲ. ಅಷ್ಟರಲ್ಲಿ ಡಾಕ್ಟರಮ್ಮ ಕರೆಗಂಟೆ ಒತ್ತಿದ್ದರು. ವಾರಗಿತ್ತಿ ಬಂದು ಬಾಗಿಲ ಬಳಿ ನಿಂತಳು, ಕೋಟಿನ ಗುಂಡಿ ತಿರುವುತ್ತ.

"ತೊಳೀಬೇಡಿ ಅಂತ ನೀನೇ ಹೇಳಿದ್ಯಲ್ವೇನೆ? ಹೇಳೇ," ಎಂದಳು ಕುದಿಯಮ್ಮ.

"ನಾನ್ಯಾವಾಗ ಹೇಳಿದೆ ಅಕ್ಕ?" ವಾರಗಿತ್ತಿಯ ದನಿ ಸಣ್ಣಗಿತ್ತು, ಆದರೆ ನಡುಗಲಿಲ್ಲ. "ತೊಳೀರಿ ತೊಳೀರಿ ಅಂತ ನಾನೇ ಅಲ್ವಾ ಬಡ್ಕೊಂಡಿದ್ದು?"

ಆಮೇಲೆ ಡಾಕ್ಟರಮ್ಮ ಹೇಳಿದ್ದೆಲ್ಲ ಕುದಿಯಮ್ಮನಿಗೆ ದೂರದಿಂದ ಕೇಳಿದಂತಿತ್ತು. ವಾರಗಿತ್ತಿ ಕಣ್ಣೀರು ಹಾಕಿಕೊಂಡೇ ಬಂದಿದ್ದಳಂತೆ, ದೂರು ಹೇಳಲು ಅವಳಿಗೆ ಮನಸ್ಸೇ ಇರಲಿಲ್ಲವಂತೆ. ಅಕ್ಕನಿಗೆ ವಯಸ್ಸಾಯಿತು, ಕಣ್ಣು ಮಂದವಾಗಿದೆ, ಕೈ ಸಡಿಲವಾಗಿದೆ, ಅಕ್ಕ ಮುಚ್ಚಿದ ಚೀಲಗಳನ್ನು ಈಗೀಗ ನಾನೇ ಇನ್ನೊಮ್ಮೆ ನೋಡಿ ಸರಿಮಾಡುತ್ತಿದ್ದೇನೆ ಎಂದಳಂತೆ. ಚೀಲಗಳು! ಒಂದು ದಿನ, ಒಂದೇ ಒಂದು ದಿನ ಆಕೆಯ ಚೀಲವೊಂದು ತೆರೆದುಕೊಂಡದ್ದನ್ನು ಕಂಡವರಿದ್ದರೆ ಮುಂದೆ ಬರಲಿ. ಬಾಯಿ ಬಿಟ್ಟು ಇಷ್ಟನ್ನು ಹೇಳಬೇಕಿತ್ತು. ಆಕೆ ಕನ್ನಡಕ ತೆಗೆದು ಮತ್ತೆ ಒರೆಸತೊಡಗಿದಳು. "ಬೇಜಾರು ಮಾಡ್ಕೋಬೇಡಿ, ನೀವು ಕೆಳಗಿನ ಕೋಣೇಲೇ ಆರಾಮಾಗಿರಿ. ಮೇಲಿನದನ್ನ ಇವರು ನೋಡ್ಕೊಳ್ಳಲಿ. ತೊಟ್ಟಿ ಮಾತ್ರ ಇವತ್ತೇ ಹೋಗಬೇಕು" ಎಂದರು ಡಾಕ್ಟರಮ್ಮ. ಅವರ ದನಿಯಲ್ಲಿ ಕೋಪವಿರಲಿಲ್ಲ, ಮರುಕವಿತ್ತು. ಕೋಪವೇ ಇದ್ದಿದ್ದರೆ ಎಷ್ಟೋ ವಾಸಿ.

ಸಂಜೆಯ ಬಸ್ಸಿನಲ್ಲಿ ಕುದಿಯಮ್ಮನ ತೊಡೆಯ ಮೇಲೆ ಮುಚ್ಚಳದ ಡಬ್ಬಿ, ಅದರಲ್ಲಿ ನ್ಯೂಟುಗಳು. ಕಾಲ ಬಳಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕೊರಡು. ತೊಟ್ಟಿಯನ್ನು ಕಾಂಪೌಂಡರು ತಳ್ಳುಗಾಡಿಯಲ್ಲಿ ಕಳಿಸುವೆನೆಂದಿದ್ದ. ಬಸ್ಸು ತುಂಬಿತ್ತು, ಪಕ್ಕದ ಸೀಟೊಂದೇ ಖಾಲಿ. ವಾರಗಿತ್ತಿ ಬಂದು ಕೂತಳು. ಎಂಥ ಎದೆಗಾರಿಕೆ ನೋಡಿ, ಬಂದು ಕೂತಳು!

ಬಸ್ಸು ಹೊರಟ ಮೇಲೆ ಕುದಿಯಮ್ಮ ಕೇಳಿದಳು. "ನಿನಗೆ ಬೇಕು ಅಂತ ಒಂದು ಮಾತು ಕೇಳಿದ್ರೆ ನಾನೇ ಬಿಟ್ಟುಕೊಡ್ತಿರ್ಲಿಲ್ವೇನೆ?"

"ಬಿಟ್ಟುಕೊಡ್ತಿದ್ರಿ ಅಕ್ಕ. ಅದೇ ನನಗೆ ಬೇಡವಾಗಿತ್ತು." ವಾರಗಿತ್ತಿ ಎದುರಿನ ಸೀಟಿನ ಬೆನ್ನು ನೋಡುತ್ತಲೇ ಮಾತಾಡಿದಳು. "ಕೆಲಸ ನೀವು ಕೊಡಿಸಿದ್ದು. ಮೈಮೇಲಿರೋ ಕೋಟು ನಿಮ್ಮ ಹಳೇದು. ನನ್ನ ಮಗಳು ಮಲಗೋ ಮಂಚ ನಿಮ್ಮ ಮನೇದು. ಬೀದೀಲಿ ನಡೆದ್ರೆ ನಾನು ಕುದಿಯಮ್ಮನ ವಾರಗಿತ್ತಿ. ಒಂದಾದ್ರೂ ನಂದು ಅಂತ ಬೇಡ್ವಾ?"

"ಅದಕ್ಕೆ ನನ್ನ ಹೆಸರು ಹಾಳು ಮಾಡಬೇಕಿತ್ತಾ? ನನ್ನ ಕೈ ಸಡಿಲ ಅಂದ್ಯಲ್ಲೇ, ನಿನಗೆ ಕಲಿಸಿದ ಕೈ ಕಣೇ ಅದು!"

ಮುಂದಿನ ಸೀಟಿನವರು ತಿರುಗಿ ನೋಡಿದರು. ಕುದಿಯಮ್ಮ ದನಿ ತಗ್ಗಿಸಿದಳು. ಮಧ್ಯಾಹ್ನದಿಂದ ಆಕೆಯನ್ನು ಕೊರೆಯುತ್ತಿದ್ದುದು ಬೇರೊಂದು ಪ್ರಶ್ನೆ. "ಒಂದು ನಿಜ ಹೇಳು. ಮುಟ್ಟಬೇಡಿ ಅಂತ ಅವತ್ತು ಹೇಳಿದ್ಯಲ್ಲ, ಆಗಲೇ ಇದನ್ನೆಲ್ಲ ಅಂದ್ಕೊಂಡಿದ್ಯಾ?"

"ಇಲ್ಲ ಅಕ್ಕ, ಖಂಡಿತ ಇಲ್ಲ. ಅಂಗಡಿಯವನು ಹೇಳಿದ್ದನ್ನೇ ಬಂದು ಹೇಳಿದೆ. ಆಮೇಲೆ ಅದು ಬೆಳೀತಾ ಹೋಯ್ತಲ್ಲ, ನೋಡ್ತಾ ನೋಡ್ತಾ ನನ್ನ ಬುದ್ಧಿ ಕೆಡ್ತು."

ಈ ಒಂದು ಮಾತನ್ನು ಕುದಿಯಮ್ಮ ಗಟ್ಟಿಯಾಗಿ ಹಿಡಿದುಕೊಂಡಳು. ಮನೆಗೆ ಬಂದು ಅತ್ತಳು, ಪಾತ್ರೆ ಕುಕ್ಕಿದಳು, "ನಂಬಿಸಿ ಕತ್ತು ಕುಯ್ದಳು" ಎಂದು ಗಂಡನ ಮುಂದೆ ಹಾರಾಡಿದಳು. ಆದರೂ ದಿನ ಕಳೆದಂತೆ ಮನಸ್ಸು ಲೆಕ್ಕ ಹಾಕತೊಡಗಿತು. ಮೊದಲು ಹೇಳಿದ್ದು ಪ್ರೀತಿಯಿಂದಲೇ ತಾನೆ? ಅಷ್ಟು ವರ್ಷ ಡಬ್ಬಿಗೆ ಕೈ ಹಾಕಿ ಉಂಡದ್ದೆಲ್ಲ ಸುಳ್ಳಲ್ಲವಲ್ಲ? ನಡುವೆ ದುರಾಸೆ ಹೊಕ್ಕಿತು, ಯಾರೊಳಗೆ ಹೊಗುವುದಿಲ್ಲ? ಗಂಡನೂ ಅಂದ, "ಕುರ್ಚಿ ಹೋದ್ರೆ ಹೋಗಲಿ, ಮನೆ ಎರಡಾಗೋದು ಬೇಡ." ತಮ್ಮನ ಮುಖ ನೋಡದೆ ಅವನಿಗೂ ಇರಲಾಗುತ್ತಿರಲಿಲ್ಲ.

ತೊಟ್ಟಿ ಈಗ ಮೇಲಿನ ಮನೆಯ ಊಟದ ಮೇಜಿನ ಪಕ್ಕ ಕೂತಿತ್ತು. ಕುದಿಯಮ್ಮ ಕೊರಡನ್ನು ಮುಟ್ಟಲಿಲ್ಲ. ಮೊದಲು ಹಟಕ್ಕೆ, ಆಮೇಲೆ ಭಯಕ್ಕೆ. ಇರುವುದೂ ಆ ಎರಡು ಜೀವ, ಅವೂ ಸತ್ತರೆ? ಆಶ್ಚರ್ಯವೆಂದರೆ ಬೂಷ್ಟು ಸೊರಗುತ್ತ ಬಂತು. ಒಂದು ಬೆಳಿಗ್ಗೆ ನೋಡಿದರೆ ಮರ ಮರದ ಬಣ್ಣಕ್ಕೇ ತಿರುಗಿತ್ತು, ನ್ಯೂಟು ಅದರ ತುದಿಯಲ್ಲಿ ಕತ್ತೆತ್ತಿ ಕೂತಿತ್ತು. ಕುದಿಯಮ್ಮ ಗಾಜಿಗೆ ಮೂಗು ಹಚ್ಚಿ ನೋಡಿದಳು. ಹಾಗಾದರೆ ವಾರಗಿತ್ತಿ ಹೇಳಿದ್ದು ನಿಜವೇ. ಅಂದು ಅವಳ ಬಾಯಲ್ಲಿ ಕಪಟವಿರಲಿಲ್ಲ. ಇನ್ನು ಸಾಕು, ಹೊಟ್ಟೆಗೆ ಹಾಕಿಕೊಂಡುಬಿಡೋಣ, ಭಾನುವಾರ ಕೆಳಗೆ ಹೋಗಿ ನಾನೇ ಮಾತಾಡಿಸುತ್ತೇನೆ ಎಂದುಕೊಂಡಳು. ಎಷ್ಟೋ ದಿನಗಳ ಮೇಲೆ ಅಂದು ಎದೆ ಹಗುರಾಗಿತ್ತು.

ಶನಿವಾರ ನ್ಯೂಟುಗಳಿಗೆ ಹುಳ ತರಲು ಅಂಗಡಿಗೆ ಹೋದಳು.

"ಏನಮ್ಮ, ಕೊರಡಿನ ಬೂಷ್ಟು ಹೋಯ್ತಾ?" ಎಂದು ಅಂಗಡಿಯವನೇ ಕೇಳಿದ.

"ಹೋಯ್ತಪ್ಪ. ನೀವು ಹೇಳಿದ ಹಾಗೆ ಮುಟ್ಟಲೇ ಇಲ್ಲ."

"ಮುಟ್ಟಬೇಡಿ ಅಂತ ನಾನೆಲ್ಲಿ ಹೇಳಿದೆ?" ಅವನು ಹುಳದ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕುತ್ತ ನಕ್ಕ. "ಬಿಟ್ಟರೂ ಹೋಗುತ್ತೆ, ನೋಡೋಕೆ ಅಸಹ್ಯ ಅನ್ನಿಸಿದ್ರೆ ಕೊರಡನ್ನ ಹೊರಗೆ ತೆಗೆದು, ನಲ್ಲಿ ಕೆಳಗೆ ಬ್ರಶ್ಶಿಂದ ಉಜ್ಜಿ ಮತ್ತೆ ಇಡಿ, ಸೋಪು ಮಾತ್ರ ಬೇಡ, ಪ್ರಾಣಿಗಳಿಗೆ ಏನೂ ಆಗಲ್ಲ ಅಂದಿದ್ದೆ. ಬ್ರಶ್ ಕೊಡ್ಲಾ ಅಂತಲೂ ಕೇಳಿದ್ದೆ ನಿಮ್ಮ ತಂಗೀನ. 'ಅಯ್ಯೋ, ಬ್ರಶ್ಶು ನಮ್ಮಕ್ಕನ ಹತ್ರ ರಾಶಿ ಇದೆ' ಅಂತ ನಕ್ಕೊಂಡು ಹೋದ್ರಲ್ಲ."

ಕುದಿಯಮ್ಮ ಕೌಂಟರಿನ ಅಂಚು ಹಿಡಿದುಕೊಂಡಳು. ನಕ್ಕೊಂಡು ಹೋದಳಂತೆ. ಮಣಿಕಟ್ಟು ಹಿಡಿದು ಸಾಯಿಸಬೇಡಿ ಎಂದ ಆ ಕೈ, ಕನಿಕರ ತುಂಬಿದ ಆ ಕಣ್ಣು, ಎಲ್ಲ ಆ ನಗುವಿನ ಮೇಲೆ ಕಟ್ಟಿದ್ದು. ಕೂರಿ ಅಮ್ಮ, ನೀರು ಬೇಕಾ, ಎಂದು ಅಂಗಡಿಯವನು ಸ್ಟೂಲು ಎಳೆದ. ಬೇಡವೆಂದು ತಲೆಯಾಡಿಸಿ ಆಕೆ ಹುಳದ ಡಬ್ಬಿ ತೆಗೆದುಕೊಂಡು ಹೊರಟಳು. ಈ ಸಲ ಸಿಟ್ಟು ಬರಲಿಲ್ಲ. ಸಿಟ್ಟು ಬರಲು ನಮ್ಮವರೆಂಬ ಎಳೆಯೊಂದಾದರೂ ಉಳಿದಿರಬೇಕು.

ಆಕೆ ಮನೆ ಸೇರಿ ಚಪ್ಪಲಿ ಬಿಟ್ಟಿದ್ದಳಷ್ಟೆ, ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ವಾರಗಿತ್ತಿ. ಹೊಸ ಕೋಟು, ಜೇಬಿನ ಮೇಲೆ ಹೊಲಿದ ಮೇಲ್ವಿಚಾರಕಿಯ ಪಟ್ಟಿ. ಹೊಸ್ತಿಲಲ್ಲಿ ನಿಂತು ತೊಟ್ಟಿಯತ್ತ ಕತ್ತು ಚಾಚಿದವಳ ಮುಖ ಅರಳಿತು.

"ಹೋಗಿದೆ! ನೋಡಿದ್ರಾ ಅಕ್ಕ, ತಾನಾಗೇ ಹೋಯ್ತು. ಅವತ್ತು ನಾನು ನಿಮಗೆ ಸುಳ್ಳು ಹೇಳಿರ್ಲಿಲ್ಲ. ಈಗಲಾದ್ರೂ ನಂಬಿ."

ಕುದಿಯಮ್ಮ ಅವಳನ್ನು ಒಳಗೆ ಕರೆಯಲಿಲ್ಲ, ಹೊರಗೂ ಹಾಕಲಿಲ್ಲ. "ಅಂಗಡಿಯವನು ಹೇಳಿದ್ದು ಎರಡು ಮಾತು. ನೀನು ನನಗೆ ತಂದುಕೊಟ್ಟಿದ್ದು ಒಂದೇ" ಎಂದಳು.

ವಾರಗಿತ್ತಿಯ ಮುಖದಲ್ಲಿ ರಕ್ತ ಉಳಿಯಲಿಲ್ಲ. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು. ಕೆಳಗಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಒಳಕೋಣೆಯಲ್ಲಿ ಪುಸ್ತಕಕ್ಕೆ ಅಂಟು ಬಳಿಯುತ್ತಿದ್ದ ಗಂಡ ತಲೆಯೆತ್ತದೆಯೇ ಕೂಗಿ ಕೇಳಿದ.

"ಯಾರೇ ಅದು ಬಂದಿದ್ದು?"

"ಯಾರೋ," ಎಂದಳು ಕುದಿಯಮ್ಮ. "ಕೆಳಗಡೆ ಮನೆಯವರು."